ಹದಿಮೂರು ಭಾನುವಾರ

ಟೀವಿಯವರು ಮೊದಲು ನಮ್ಮ ಮನೆಗೆ ಬರಬೇಕಿತ್ತು. ಅವರು ಮೊದಲು ಹೋದದ್ದು ತೇವಾರದ ಅಕ್ಕಿ ಮಿಲ್ಲಿಗೆ.

ಅವರದು ತಪ್ಪಿಲ್ಲ. ನನ್ನ ಗಂಡ ರಾಜಾ ಬರೆದ ಪುಸ್ತಕವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಬರೆದ ದಾರಿಯಲ್ಲೇ ಜೀಪು ಬಿಟ್ಟುಕೊಂಡು ಬಂದಿದ್ದರು. ಬೆಟ್ಟದ ಬುಡ, ಎರಡು ಹುಣಿಸೆ ಮರ, ನೀಲಿ ಗೇಟು, ಎಲ್ಲ ಬರೆದ ಹಾಗೇ ಸಿಕ್ಕಿತು. ಖುಷಿಯಿಂದ ಒಳಗೆ ಹೋಗಿ ಯಜಮಾನರಿಗೆ ಪುಸ್ತಕ ತೋರಿಸಿದರು. ಕಳ್ಳಸಾಗಣೆಯವನ ಮಿಲ್ಲಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ, ಇಲ್ಲೇ ಶೂಟಿಂಗಿಗೆ ಬಿಡಬೇಕು ಎಂದು ಕೇಳಿಕೊಂಡರು.

ಆ ಯಜಮಾನರು ಪೆರಿಯಣ್ಣನ್. ನನ್ನ ಅತ್ತೆ ಕಾಳಿಯಮ್ಮಾಳ್ ಅವರ ಒಡಹುಟ್ಟಿದ ಅಣ್ಣ.

ಇಷ್ಟನ್ನೂ ಟೀವಿ ಕಂಪನಿಯ ಮ್ಯಾನೇಜರು ಆಮೇಲೆ ಹನುಮಂತನಪಟ್ಟಿಯ ನಮ್ಮ ಜಗುಲಿಯಲ್ಲಿ ಕೂತು, ಮಜ್ಜಿಗೆ ಕುಡಿಯುತ್ತ ಹೇಳಿದ. "ಒಳ್ಳೆಯ ಮನುಷ್ಯರು. ಊಟ ಹಾಕಿಸಿ ಕಳಿಸಿದರು. ಪುಸ್ತಕ ಮಾತ್ರ ಇಟ್ಟುಕೊಂಡರು, ಓದಿ ಕೊಡ್ತೀನಿ ಅಂತ."

ಇನ್ನೊಂದು ಲೋಟ ಮಜ್ಜಿಗೆ ತರುತ್ತೇನೆಂದು ನಾನು ಒಳಗೆ ಹೋದೆ. ಮಜ್ಜಿಗೆ ಮುಗಿದಿತ್ತು. ಗೋಡೆಗೆ ಒರಗಿ ನಿಂತೆ. ರಾಜಾ ಕಾಮಾಲೆಯಲ್ಲಿ ಹೋಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ನನಗೆ ಏನೂ ಅನ್ನಿಸಿರಲಿಲ್ಲ. ಮೊದಲು ಬಂದದ್ದು ಹೆದರಿಕೆ.

ರಾಜಾ ಸಹಕಾರ ಸಂಘದ ರೇಷನ್ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್ ಆಗಿದ್ದ. ಮುಂಬಾಗಿಲಲ್ಲಿ ಲಾರಿಯಿಂದ ಇಳಿದ ಅಕ್ಕಿ ಹಿಂಬಾಗಿಲಲ್ಲಿ ಹೊರಟು ಬೆಟ್ಟ ಹತ್ತಿ ಕೇರಳಕ್ಕೆ ಹೋಗುವುದನ್ನು ಆರು ವರ್ಷ ನೋಡಿದ. ಸಾಗಿಸುತ್ತಿದ್ದವನು ಸ್ವಂತ ಸೋದರಮಾವ. ದೂರು ಕೊಡಲಾಗಲಿಲ್ಲ. ಅದರ ಬದಲು ಚೆನ್ನೈನ ಒಂದು ಮಕ್ಕಳ ಮಾಸಿಕಕ್ಕೆ ತಮಿಳಿನಲ್ಲಿ 'ಏಳನೆಯ ಮೂಟೆ' ಎಂಬ ಗೂಢಚಾರ ಕಾದಂಬರಿ ಬರೆದ; ಆಮೇಲೆ ಅದು ಪುಸ್ತಕವಾಗಿಯೂ ಬಂತು. ಅದರಲ್ಲಿ ಕರುಪ್ಪಾಯಿ ಎಂಬ ಹದಿನಾರು ವರ್ಷದ ಹುಡುಗಿ ಮೇಕೆ ಮೇಯಿಸುವವಳ ಹಾಗೆ ಬೆಟ್ಟ ಹತ್ತಿ, ಅಕ್ಕಿ ಮೂಟೆಗಳ ಹಿಂದೆ ಹೋಗುತ್ತಾಳೆ. ರಾಜಾ ಊರಿನ ಹೆಸರು ಬದಲಿಸಿದ್ದ. ಪೆರಿಯಣ್ಣನ್ ಅವರಿಗೆ ತಲೆ ತುಂಬ ಕೂದಲು, ಪುಸ್ತಕದ ಯಜಮಾನನಿಗೆ ಬೋಳುತಲೆ ಕೊಟ್ಟಿದ್ದ. ಮಕ್ಕಳು ಓದಿ ಮರೆತರು. ತಲೆಮಾರುಗಳಿಂದ ತಮಿಳುನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡದ ಜನದಲ್ಲಿ ದೊಡ್ಡವರು ಯಾರೂ ಓದಿರಲಿಲ್ಲ.

ಟೀವಿಯವರು ಹೋದ ಮೇಲೆ ಮಾವ ಪಿಚ್ಚೈ ಹೆಗಲ ಟವೆಲ್ ಕೊಡವಿ ಕೇಳಿದರು. "ಏನಂದ್ರು ತಾಯಿ?"

"ಭಾನುವಾರ ಭಾನುವಾರ ತೋರಿಸ್ತಾರಂತೆ ಮಾವ. ಹದಿಮೂರು ವಾರ."

"ಟೀವೀಲಾ? ಸಿನಿಮಾ ಅಲ್ವಾ?" ಅವರಿಗೆ ಬೇಸರವಾದದ್ದು ಕಾಣುತ್ತಿತ್ತು. "ಸಿನಿಮಾ ಅಂದ್ರೆ ತೇನೀಲಿ ಪೋಸ್ಟರ್ ಅಂಟುಸ್ತಾರೆ. ಬಸ್ಸಿಂದ ಇಳ್ದೋರೆಲ್ಲ ನನ್ ಮಗನ್ ಹೆಸ್ರು ನೋಡ್ತಾರೆ."

"ಟೀವಿ ಆದ್ರೆ ನಾನು ಕೂತಲ್ಲೇ ಸೊಪ್ಪು ಬಿಡಿಸ್ತಾ ನೋಡ್ತೀನಿ," ಎಂದರು ಅತ್ತೆ. "ಪೋಸ್ಟರ್‌ನ ಮೇಕೆ ತಿಂತದೆ."

ಮೂರನೆಯ ದಿನ ಮಧ್ಯಾಹ್ನ, ನಾವು ಊಟಕ್ಕೆ ಕೂತಾಗ ಪೆರಿಯಣ್ಣನ್ ಬಂದರು. ಕೈಯಲ್ಲಿ ಹಲ್ವದ ಪೊಟ್ಟಣ, ಕಂಕುಳಲ್ಲಿ ಪುಸ್ತಕ.

"ನನ್ನ ಬಿಟ್ಟು ಉಣ್ತಾ ಇದ್ದೀರಾ ಮಾಪ್ಳೆ?" ಎಂದು ತಂಗಿಯ ಗಂಡನನ್ನು ಕೇಳಿದರು.

"ಬನ್ನಿ ಮಚ್ಚಾನ್, ಕೈ ತೊಳೀರಿ. ಕಾಳಿಯಮ್ಮಾ, ಎಲೆ ಹಾಕು."

ಅವರೆಕಾಳಿನ ಕುಳಂಬು ಇತ್ತು. ಅವರು ಎರಡು ಸಲ ಹಾಕಿಸಿಕೊಂಡು ಉಂಡರು. "ಮೂರು ದಿನ ಕುಂತು ಓದ್ದೆ. ಕಣ್ಣಾಡಿ ಹಾಕೊಂಡು ಓದ್ದೆ. ಬಾಳ ಚಂದ ಬರ್ದವ್ನೆ ನಮ್ ರಾಜಾ. ಆದ್ರೆ ಇದು ಟೀವಿಗೆ ಆಗ್ದು ಮಾಪ್ಳೆ. ಸಿನಿಮಾಕ್ಕೆ ಆಗೋದು."

"ನಾನೂ ಅದೇ ಅಂದೆ," ಎಂದರು ಮಾವ.

"ಟೀವಿ ಅಂದ್ರೆ ಏನು? ಮಾಮಿಯಾರು ಸೊಸೆ ಜಗಳ, ನಾಲ್ಕು ಗೋಡೆ. ಇದ್ರಲ್ಲಿ ಬೆಟ್ಟ ಐತೆ, ಜೀಪ್ ಐತೆ, ಆನೆ ಐತೆ. ಆನೇನ ಅಷ್ಟಗಲ ಪೆಟ್ಟೀಲಿ ತೋರ್ಸಿದ್ರೆ ಪೆರುಚಾಳಿ ತರ ಕಾಣ್ತದೆ."

ಹೆಗ್ಗಣದಂಥ ಆನೆಯನ್ನು ನೆನೆದು ಮಾವ ಜೋರಾಗಿ ನಕ್ಕರು. ಇಂದುಜಾ ನಗಲಿಲ್ಲ. ಅವಳು ರಾಜಾನ ತಂಗಿ, ಹದಿನೆಂಟು ವರ್ಷ, ತೇನಿಯಲ್ಲಿ ಬಿ.ಎಸ್ಸಿ. ಮೊದಲ ವರ್ಷ. ಮನೆಮಾತು ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಆದರೆ ಉತ್ತರ ಕೊಡುವುದು ತಮಿಳಿನಲ್ಲೇ.

"ಗೂಢಚಾರಿಕೆ ಅಂದ್ರೆ ಕಾಯೋದು ಮಾವ," ಎಂದಳು ಪೆರಿಯಣ್ಣನ್ ಕಡೆ ತಿರುಗಿ. "ಕರುಪ್ಪಾಯಿ ಹನ್ನೆರಡು ಅಧ್ಯಾಯದಲ್ಲಿ ಎಂಟು ಅಧ್ಯಾಯ ಕಾಯ್ತಾನೇ ಇರ್ತಾಳೆ. ಮರದ ಮೇಲೆ, ಬಸ್ ಸ್ಟ್ಯಾಂಡಲ್ಲಿ. ಸಿನಿಮಾದಲ್ಲಿ ಅಷ್ಟು ಕಾಯೋದಕ್ಕೆ ಬಿಡ್ತಾರಾ? ಹಾಡು ಹಾಕ್ತಾರೆ. ಆಮೇಲೆ ಅವಳು ಹದಿನಾರರ ಹುಡುಗಿ. ಸಿನಿಮಾದವರು ಇಪ್ಪತ್ತೆಂಟರವಳನ್ನ ತಂದು ಎರಡು ಜಡೆ ಹಾಕ್ತಾರೆ. ಕಳ್ಳನನ್ನ ಹಿಡಿಯೋದಕ್ಕೆ ಒಬ್ಬ ಹೀರೋ ಬರ್ತಾನೆ. ಕರುಪ್ಪಾಯಿ ಪಕ್ಕದಲ್ಲಿ ನಿಂತು ಕಿರುಚ್ತಾಳೆ. ಅಣ್ಣ ಬರೆದದ್ದು ಅದಲ್ಲ."

"ನಿನಗೆ ಬಾಳ ತಿಳೀತದೆ ಕಣ್ಣು," ಎಂದು ಪೆರಿಯಣ್ಣನ್ ತಮ್ಮ ಎಲೆಯ ಹಪ್ಪಳವನ್ನು ಎತ್ತಿ ಅವಳ ಎಲೆಯ ಮೇಲಿಟ್ಟರು. "ಆ ಕರುಪ್ಪಾಯಿ ನೀನೇ ತಾನೆ? ನಿನ್ನ ನೋಡೇ ಬರ್ದವ್ನೆ. ಅದೇ ಜಡೆ, ಅದೇ ಬಾಯಿ. ಪಾವಂ ಪುಳ್ಳೆ, ಪಾಪದ ಹುಡುಗಿ, ಬೆಟ್ಟಕ್ಕೆ ಒಂಟಿ ಒಂಟಿಯಾಗಿ ಓಗ್ತಾಳೆ."

ಊಟವಾದ ಮೇಲೆ ಹಿತ್ತಲಲ್ಲಿ ಅವರ ಕೈಗೆ ನೀರು ಹಾಕಿದೆ. ಅವರು ನಿಧಾನವಾಗಿ ಬೆರಳು ಬೆರಳು ತೊಳೆದರು.

"ನೀಲಿ ಗೇಟು ಹತ್ತು ಮಿಲ್ಲಿಗೆ ಐತೆ ತಾಯಿ. ಅದು ಬಿಡು," ಎಂದರು. "ಕರು ಕಿವಿ ಮಾತ್ರ ಚೆನ್ನಾಗಿ ಬರ್ದವ್ನೆ."

ನಮ್ಮ ಜನ ಹಸುವಿನ ಮೊದಲ ಕರುವನ್ನು ದೇವರ ದನಗಳ ದೊಡ್ಡಿಗೆ ಬಿಡುತ್ತಾರೆ. ಬಿಡುವ ಮುಂಚೆ ಕಿವಿಗೆ ಕತ್ತರಿ ಹಾಕುತ್ತಾರೆ. ಒಂದೊಂದು ಮನೆಗೆ ಒಂದೊಂದು ಗುರುತು. ಒಬ್ಬರ ಗುರುತನ್ನು ಇನ್ನೊಬ್ಬರು ಹಾಕುವುದಿಲ್ಲ. ಕಾದಂಬರಿಯಲ್ಲಿ ಕರುಪ್ಪಾಯಿಗೆ ಯಜಮಾನ ಯಾರೆಂದು ಗೊತ್ತಿರುವುದಿಲ್ಲ. ಅವನ ಜೀಪಿನ ಹಿಂದೆ ಕಟ್ಟಿದ್ದ ಒಂದು ಕರುವನ್ನು ಮಾತ್ರ ಕಂಡಿರುತ್ತಾಳೆ. ಒಂದು ದಿನ ಅದೇ ಕರುವನ್ನು ದೊಡ್ಡಿಯಲ್ಲಿ ನೋಡಿ, ಅದರ ಕಿವಿಯಿಂದ ಅವನ ಮನೆಯನ್ನು ಕಂಡುಹಿಡಿಯುತ್ತಾಳೆ. ಎಡಗಿವಿಗೆ ಎರಡು ಕತ್ತರಿ, ಬಲಗಿವಿಗೆ ಒಂದು. ಪುಸ್ತಕದಲ್ಲಿ ರಾಜಾ ಅದರ ಚಿತ್ರವನ್ನೂ ಬರೆದಿದ್ದ. ಅದು ಪೆರಿಯಣ್ಣನ್ ಮನೆಯದೇ ಗುರುತು.

ಹೆಸರುಗಳನ್ನೆಲ್ಲ ಬದಲಿಸಿ ಇದನ್ನೇಕೆ ಹಾಗೇ ಬಿಟ್ಟೆ ಎಂದು ಆಗಲೇ ಕೇಳಿದ್ದೆ. "ದೇವರಿಗೆ ಬಿಟ್ಟ ಕರುವಿಗೆ ಸುಳ್ಳು ಗುರುತು ಹಾಕಕ್ಕಾಗತ್ತಾ?" ಎಂದಿದ್ದ. ಕಾಗದದ ಕರು ಎಂದೆ. ಕರು ಕರುವೇ ಎಂದ.

ಮುಂದಿನ ವಾರ ಪೆರಿಯಣ್ಣನ್ ಮಗ ದುರೈಯೊಂದಿಗೆ ಬಂದರು. ಒಂದು ತಟ್ಟೆಯಲ್ಲಿ ವೀಳ್ಯದೆಲೆ, ಹೂವು, ಬಾಳೆಹಣ್ಣು. ಅದರ ಪಕ್ಕದಲ್ಲಿ ಒಂದು ಉದ್ದನೆಯ ಲಕೋಟೆ.

ಲಕೋಟೆಯಲ್ಲಿ ಸಿನಿಮಾದ ಕರಾರುಪತ್ರವಿತ್ತು. ಮಧುರೈನ ಒಬ್ಬ ಫೈನಾನ್ಸಿಯರ್ ಕಥೆ ಕೊಳ್ಳುತ್ತಾನಂತೆ, ಟೀವಿಯವರಿಗಿಂತ ಮೂರು ಪಟ್ಟು ಕೊಡುತ್ತಾನಂತೆ. ತಟ್ಟೆ ಇಂದುಜಾಳಿಗೆ.

"ಸೋದರಮಾವನ ಮಗ. ಮುರೆ ಐತೆ, ಹೆಣ್ಣು ತರೋ ವರಸೆ," ಎಂದರು ಪೆರಿಯಣ್ಣನ್. "ಹೊರ್ಗೆ ಯಾಕೆ ಹುಡುಕ್ಬೇಕು? ಪುಳ್ಳೆ ನಮ್ಮನೆಗೆ ಬಂದ್ರೆ ಪುಸ್ತಕಾನೂ ನಮ್ಮನೇದೇ. ಪೊಂಗಲ್ ಆದ್ಮೇಲೆ ತೈ ಮಾಸದಲ್ಲಿ ಕಲ್ಯಾಣ ವೈಚ್ಚುಕೊಳ್ಳೋಣ."

ದುರೈ ಕುರ್ಚಿಯಲ್ಲಿ ಕೂತು ಜೀಪಿನ ಕೀಲಿಯನ್ನು ಬೆರಳಿಗೆ ಹಾಕಿ ತಿರುಗಿಸುತ್ತಿದ್ದ. ಇಂದುಜಾ ಅಡುಗೆಮನೆಯ ಬಾಗಿಲ ಹಿಂದೆ ನನ್ನ ಸೀರೆಯ ಅಂಚು ಹಿಡಿದುಕೊಂಡಿದ್ದಳು.

ಮಾವನ ಕಣ್ಣಲ್ಲಿ ನೀರು ಬಂತು. "ಎರಡೂ ಒಂದೇ ದಿನ ಬಂತಲ್ಲ ಮಚ್ಚಾನ್."

ಅವರು ಹೋದ ಮೇಲೆ ಕರಾರುಪತ್ರವನ್ನು ನಾನು ಓದಿದೆ. ಎಂ.ಎ. ಮಾಡಿದ್ದಕ್ಕೆ ಈ ಮನೆಯಲ್ಲಿ ಕಾಗದ ಓದುವುದು ನನ್ನ ಕೆಲಸ. ಕಥೆಯನ್ನು ಬೇರೆ ಯಾವ ರೂಪದಲ್ಲೂ ಬೇರೆ ಯಾರಿಗೂ ಕೊಡಕೂಡದು. ಸಿನಿಮಾ ಯಾವಾಗ ಮಾಡಬೇಕು, ಮಾಡಬೇಕೋ ಬೇಡವೋ ಎಂಬುದು ಕೊಂಡವರ ಇಷ್ಟ. ಮುದ್ರಾಂಕದ ಕಾಗದವನ್ನು ತಿರುಗಿಸಿದೆ. ಆ ಕಾಗದ ಮಾರಿದವನು ಹಿಂದುಗಡೆ ಅದನ್ನು ಕೊಂಡವನ ಹೆಸರು ಬರೆದಿರುತ್ತಾನೆ. ಮಧುರೈ ಇರಲಿಲ್ಲ. 'ದುರೈ, ತೇವಾರಂ' ಎಂದಿತ್ತು.

"ಇದು ಸಿನಿಮಾ ಅಲ್ಲ ಮಾವ," ಎಂದೆ. "ಕೊಂಡು ಪೆಟ್ಟಿಗೆಯಲ್ಲಿ ಇಟ್ಟುಬಿಡೋದಕ್ಕೆ."

"ಯಾಕೆ ಇಡ್ತಾರೆ? ಕಾಸು ಕೊಟ್ಟು ಯಾರಾದ್ರೂ ಇಡ್ತಾರಾ?"

ನಾನು ಹೇಳಿದೆ. ಮಿಲ್ಲು, ಅಕ್ಕಿ, ಕರು. ಬಹಳ ಹೊತ್ತು ಬೇಕಾಗಲಿಲ್ಲ. ಮಾವ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಸಿಟ್ಟು ಬಂದದ್ದು ನನ್ನ ಮೇಲೆ.

"ಸತ್ತೋನ ಮೇಲೆ ಪಳಿ ಹೊರುಸ್ತೀಯಾ? ಅವ್ನು ಸೋದರಮಾವನ್ನ ಕಳ್ಳ ಅಂತ ಬರೀತಾನಾ?"

"ಬರೆದಿದ್ದಾರೆ."

"ಹಂಗಾದ್ರೆ ಪೆಟ್ಟೀಲೇ ಇರ್ಲಿ. ನಾವು ಈ ಊರಲ್ಲಿ ಬದುಕ್ಬೇಡ್ವಾ?"

"ಪುಸ್ತಕ ಪೆಟ್ಟಿಗೇಲಿ ಇರಲಿ ಅಪ್ಪ," ಎಂದಳು ಇಂದುಜಾ ಬಾಗಿಲಲ್ಲಿ ನಿಂತು. "ನಾನು ಎಲ್ಲಿರಬೇಕು?"

ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ದ್ರಾಕ್ಷಿ ಚಪ್ಪರದ ಕಡೆ ಹೋದರು. ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಅವರ ಕೈ ನಿಲ್ಲಲೇ ಇಲ್ಲ. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಮಾರನೆಯ ದಿನದಿಂದ ಜೀಪು ಬಸ್ ನಿಲ್ದಾಣಕ್ಕೆ ಬರತೊಡಗಿತು.

ಮೊದಲ ದಿನ ದುರೈ "ತೇನಿಗೆ ತಾನೆ, ಹತ್ತು" ಎಂದನಂತೆ. ಬಸ್ಸಿದೆ ಎಂದಳಂತೆ. ಎರಡನೆಯ ದಿನ ಏನೂ ಹೇಳದೆ ಬಸ್ಸಿನ ಹಿಂದೆ ಚಿನ್ನಮನೂರಿನವರೆಗೆ ಬಂದನಂತೆ. ಮೂರನೆಯ ದಿನ ಕಾಲೇಜಿನ ಗೇಟಿನವರೆಗೆ. ಇಂದುಜಾ ಇದನ್ನು ಹೇಳುವಾಗ ಅನ್ನವನ್ನು ಕಲಸುತ್ತಲೇ ಇದ್ದಳು. ಬಾಯಿಗೆ ಹಾಕಿಕೊಳ್ಳಲಿಲ್ಲ.

"ಏನೂ ಮಾಡಲ್ಲ ಅತ್ತಿಗೆ. ನೋಡ್ತಾನೆ ಅಷ್ಟೆ. ಕೀಲಿ ತಿರುಗಿಸ್ತಾ ನೋಡ್ತಾನೆ."

ನಾಲ್ಕನೆಯ ದಿನ ಅವಳು ಕಾಲೇಜಿಗೆ ಹೋಗಲಿಲ್ಲ. ತಲೆನೋವು ಎಂದಳು. ಐದನೆಯ ದಿನವೂ ತಲೆನೋವು. ನಾನು ಪಾಠ ಮಾಡುವ ಶಾಲೆಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗು ಎಂದಳು. ಹಾಕಿದೆ.

ಸಂಜೆ ಬಂದಾಗ ಅತ್ತೆ ಸಾಂಬಾರ್ ಈರುಳ್ಳಿ ಸುಲಿಯುತ್ತಿದ್ದರು. ಇಂದುಜಾ ಪಕ್ಕದಲ್ಲಿ ಕೂತು ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆಗೆ ಓದು ಬರುವುದಿಲ್ಲ. ದಿನಕ್ಕೆ ಎರಡು ಅಧ್ಯಾಯದಂತೆ ಓದಿಸಿಕೊಂಡರು. ನಡುನಡುವೆ ಕೇಳುವರು.

"ಆ ಪುಳ್ಳೆ ಮರದ ಮೇಲೆ ಎಷ್ಟ್ ಹೊತ್ತು ಕುಂತಿದ್ಲು?"

"ಒಂದು ದಿನ ಪೂರ್ತಿ ಅಮ್ಮ."

"ಸೋರು ಉಂಡ್ಲಾ?"

"ಇಲ್ಲ."

"ಅಯ್ಯೋ ಪಾವಂ."

ಕರುವಿನ ಅಧ್ಯಾಯ ಬಂದಾಗ ಅತ್ತೆ ಪುಸ್ತಕವನ್ನು ಕೈಗೆ ತೆಗೆದುಕೊಂಡರು. ಚಿತ್ರದ ಮೇಲೆ ಬೆರಳಿಟ್ಟು ಎಡಗಿವಿಯ ಎರಡು ಕಚ್ಚು, ಬಲಗಿವಿಯ ಒಂದು ಕಚ್ಚು ಮುಟ್ಟಿ ನೋಡಿದರು. ಪುಸ್ತಕಕ್ಕೆ ಈರುಳ್ಳಿಯ ನೀರು ಅಂಟಿತು. ಆ ರಾತ್ರಿ ಅವರು ಉಣ್ಣಲಿಲ್ಲ. ಮೂರನೆಯ ಬೆಳಿಗ್ಗೆ ಇಡ್ಲಿ ಹಾಕುತ್ತ ಮಾವನಿಗೆ ಹೇಳಿದರು.

"ಟೀವಿಗೇ ಕೊಡ್ಲಿ."

"ನಿನ್ ಅಣ್ಣ ಏನಂತಾರೆ?"

"ನನ್ ಅಣ್ಣ ಏನಂತಾರೆ ಅಂತ ನನ್ ಮಗ ಆರು ವರ್ಷ ಬಾಯಿ ಮುಚ್ಕೊಂಡಿದ್ದ. ಬರ್ಕೊಂಡಾದ್ರೂ ಯೋಳ್ದ. ನಾನು ಅದ್ನೂ ಮಾರ್ಲಾ?"

"ಕಲ್ಯಾಣ?"

"ಇನ್ನೆರಡು ಇಡ್ಲಿ ಹಾಕ್ಲಾ ಬೇಡ್ವಾ?"

ಮಾವ ಹಾಕಿಸಿಕೊಂಡರು. ನಾನು ಟೀವಿಯವರ ಕಾಗದಕ್ಕೆ ಸಹಿ ಮಾಡಿ ಉತ್ತಮಪಾಳ್ಯದ ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ ಮಾಡಿಸಿದೆ. ಧೈರ್ಯದಿಂದಲ್ಲ. ಗುಮಾಸ್ತ ಮೊಹರು ಒತ್ತುವಾಗ ಅದನ್ನು ವಾಪಸು ಕೇಳಬೇಕು ಅನ್ನಿಸಿತು. ನನ್ನ ಹಿಂದೆ ಸರತಿಯಲ್ಲಿ ಜನ ಇದ್ದರು. ಕೇಳಲಿಲ್ಲ.

ವಿಷಯ ತಿಳಿದು ಪೆರಿಯಣ್ಣನ್ ಬಂದರು. ಕೂಗಾಡಿದರೆ ಬೀದಿಗೆ ಕೇಳುತ್ತದೆಂದು ಮಾವ ಬಾಗಿಲು ಮುಚ್ಚಿದರು. ಅವರು ಕೂಗಲಿಲ್ಲ. ಕಾಫಿ ಕುಡಿದು, ಲೋಟವನ್ನು ಕೆಳಗಿಟ್ಟು ಹೇಳಿದರು.

"ಪರವಾಯಿಲ್ಲೆ. ನನ್ ಟೀವಿ ಕೆಟ್ಟೋಗೈತೆ. ಭಾನುವಾರ ಭಾನುವಾರ ಇಲ್ಲೇ ಬಂದು ನೋಡ್ತೀನಿ. ತಂಗಚ್ಚಿ ಮನೆ ತಾನೆ." ಎದ್ದು ನಿಂತು ನನ್ನ ಕಡೆ ತಿರುಗಿದರು. "ಸಿನಿಮಾ ಮೂರು ಗಂಟೇಲಿ ಮುಗ್ದೋಗ್ತದೆ ತಾಯಿ. ಏನಾತು ಅಂತ ತಿಳ್ಕೊಳೋದ್ರಲ್ಲಿ ಲೈಟ್ ಹಾಕ್ಬಿಡ್ತಾರೆ. ಟೀವಿ ಹಂಗಿಲ್ಲೆ. ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ನಡುವೆ ಆರು ದಿನ ಐತೆ. ಆರು ದಿನದಲ್ಲಿ ಏನ್ ಬೇಕಾದ್ರೂ ಆಗ್ತದೆ."

ಚೆನ್ನೈನಲ್ಲಿ ಶೂಟಿಂಗ್ ನಡೆಯುವಾಗ ಒಂದು ಸಂಜೆ ಪಕ್ಕದ ಮನೆಯ ಪಾಂಡಿಯಮ್ಮಾಳ್ ಓಡಿ ಬಂದಳು. ಅವರ ಫೋನಿಗೆ ನನಗೆ ಕರೆ ಬಂದಿತ್ತು. ನಾನು ಹೋದೆ. ಅತ್ತೆಯೂ ಹಿಂದೆ ಬಂದರು. ಮ್ಯಾನೇಜರ್ ಅವಸರದಲ್ಲಿದ್ದ. "ಮೇಡಂ, ಕಿವಿ ಕತ್ತರಿಸಿದ ಕರು ಇಲ್ಲಿ ಸಿಗೋದಿಲ್ಲ. ಮೇಕಪ್ ಮಾಡೋದು ಕಷ್ಟ. ಬದಲಿಗೆ ಕೊರಳಿಗೆ ಒಂದು ಗಂಟೆ ಕಟ್ಟೋಣ. ಗಂಟೆ ನೋಡಿ ಗುರುತು ಹಿಡೀತಾಳೆ. ಆಗಬಹುದಾ?"

ಮೈಯೆಲ್ಲ ಹಗುರವಾಯಿತು. "ಆಗಬಹುದು," ಎಂದೆ. "ಗಂಟೆಯೇ ಇರಲಿ."

ಅತ್ತೆ ಕೈ ಚಾಚಿದರು. ಕೊಟ್ಟೆ. ಅವರು ಅದುವರೆಗೆ ಫೋನಿನಲ್ಲಿ ಮಾತಾಡಿರಲಿಲ್ಲ. ರಿಸೀವರ್ ತಲೆಕೆಳಗಾಗಿ ಹಿಡಿದಿದ್ದರು, ಪಾಂಡಿಯಮ್ಮಾಳ್ ಸರಿ ಮಾಡಿದಳು. ಅತ್ತೆ ತಮಿಳಿನಲ್ಲಿ ಹೇಳಿದರು. "ತಂಬಿ, ನಾನು ಬರೆದವನ ಅಮ್ಮ. ಗಂಟೆ ಯಾರು ಬೇಕಾದ್ರೂ ಕಟ್ತಾರೆ. ಕಿವಿ ತೋರಿಸು. ಎಡಕ್ಕೆ ಎರಡು, ಬಲಕ್ಕೆ ಒಂದು. ಪುಸ್ತಕದಲ್ಲಿ ಇರೋ ಹಾಗೆ."

ದಾರಿಯಲ್ಲಿ ಕೇಳಿದೆ. "ಯಾಕೆ ಅತ್ತೆ ಹಾಗೆ ಮಾಡಿದ್ರಿ? ಇಂದುಜಾಗೆ ಏನಾದ್ರೂ ಆದ್ರೆ?"

"ನೀನು ಹೆದರ್ಕೊಂಡಿದ್ದೀಯ," ಎಂದರು. "ನಾನೂ ಹೆದರ್ಕೊಂಡಿದ್ದೀನಿ. ಬಿರ್ನೆ ನಡಿ, ಪುಳ್ಳೆ ಒಂಟಿ ಅವ್ಳೆ."

ಧಾರಾವಾಹಿ ಶುರುವಾಯಿತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ನಮ್ಮ ಬೀದಿಯಲ್ಲಿ ಬಣ್ಣದ ಟೀವಿ ಇದ್ದದ್ದು ನಮ್ಮ ಮನೆಯಲ್ಲಿ, ಹಾಗಾಗಿ ಹತ್ತಿಪ್ಪತ್ತು ಜನ ಬಂದು ಕೂರುವರು. ದ್ರಾಕ್ಷಿ ಕೊಯ್ಯುವ ಹೆಂಗಸರು, ಮಕ್ಕಳು, ಪಾಂಡಿಯಮ್ಮಾಳ್ ಮತ್ತು ಅವಳ ಸೊಸೆ. ಒಂಬತ್ತೂ ಮುಕ್ಕಾಲಿಗೆ ಪೆರಿಯಣ್ಣನ್ ಬರುವರು. ಬಾಗಿಲ ಪಕ್ಕದ ಕುರ್ಚಿ ಅವರಿಗೆ. ನಾನು ಮುರುಕು ಕೊಡುವೆ. ಅವರು ತಿನ್ನುವರು.

ಕರುಪ್ಪಾಯಿಯ ಪಾತ್ರಕ್ಕೆ ನಿಜವಾಗಿಯೂ ಹದಿನಾರರ ಹುಡುಗಿಯನ್ನೇ ಹಾಕಿದ್ದರು. ಹಲ್ಲು ಸ್ವಲ್ಪ ಮುಂದೆ. ಅವಳು ಮೊದಲ ವಾರ ಪೂರ್ತಿ ಒಂದು ಟೀ ಅಂಗಡಿಯಲ್ಲಿ ಕೂತು ಲಾರಿಗಳನ್ನು ಎಣಿಸಿದಳು. ಯಾರೂ ಎದ್ದು ಹೋಗಲಿಲ್ಲ. ಮಕ್ಕಳೂ ಜೊತೆಗೆ ಎಣಿಸಿದರು. ವಾರವಿಡೀ ಬೀದಿಯಲ್ಲಿ ಅದೇ ಮಾತು. ಯಾರು ಯಜಮಾನ, ಪೋಲೀಸನಾ, ಡಾಕ್ಟರಾ.

"ನೀನು ಓದಿದ್ದೀಯಲ್ಲ ಕಣ್ಣು," ಎಂದು ಪೆರಿಯಣ್ಣನ್ ಪ್ರತಿ ಭಾನುವಾರ ಹೋಗುವಾಗ ಇಂದುಜಾಳನ್ನು ಕೇಳುವರು. "ಬರೋ ವಾರ ಏನಾಗ್ತದೆ ಆ ಪುಳ್ಳೆಗೆ?"

ಅವಳು ಗೊತ್ತಿಲ್ಲ ಎನ್ನುವಳು.

ಅವಳು ಮತ್ತೆ ಕಾಲೇ‌ಜಿಗೆ ಹೋಗುತ್ತಿದ್ದಳು. ಬೆಳಿಗ್ಗೆ ನಾನು ಬಸ್ ಹತ್ತಿಸುವೆ, ಸಂಜೆ ಮಾವ ನಿಲ್ದಾಣದಲ್ಲಿ ನಿಲ್ಲುವರು. ನಡುವಿನ ದಾರಿಯಲ್ಲಿ ಜೀಪು ಇರುತ್ತಿತ್ತು. ನಾಲ್ಕನೆಯ ವಾರ ಅವಳ ಬ್ಯಾಗಿನಲ್ಲಿ ಒಂದು ಹಿಡಿ ಅಕ್ಕಿ ಸಿಕ್ಕಿತು. ಯಾರು ಹಾಕಿದರು, ಬಸ್ಸಿನ ನೂಕುನುಗ್ಗಲಲ್ಲಿ ಗೊತ್ತಾಗಲಿಲ್ಲ. ಅವಳು ಅದನ್ನು ಅಂಗಳದಲ್ಲಿ ಸುರಿದಳು. ಕೋಳಿಗಳು ತಿಂದವು. ಐದನೆಯ ವಾರ ಪೆರಿಯಣ್ಣನ್ ದುರೈಯನ್ನೂ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು. ಆರನೆಯ ವಾರ ಮಾವನಿಗೆ ಎಲ್ಲರ ಎದುರು ಹೇಳಿದರು, "ಮುಗೀಲಿ ಮಾಪ್ಳೆ ಈ ಆಟ. ತೈ ಮಾಸ ದೂರ ಇಲ್ಲೆ." ಮಾವ ತಲೆಯಾಡಿಸಿದರು. ಆ ರಾತ್ರಿ ಅತ್ತೆ ಮಾವನಿಗೆ ಬಡಿಸಲಿಲ್ಲ.

ಏಳನೆಯ ಭಾನುವಾರ ಕರು ಬಂತು.

ನನಗೆ ಮೊದಲೇ ಗೊತ್ತಿತ್ತು, ಇಂದುಜಾಳಿಗೂ. ಅವಳಿಗೆ ಅಡುಗೆಮನೆಯಲ್ಲೇ ಇರು ಎಂದಿದ್ದೆ. ಅತ್ತೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಮಡಿಲಲ್ಲಿ ಬಿಡಿಸದ ಅವರೆಕಾಯಿ. ಬಾಗಿಲು ತೆರೆದಿತ್ತು. ಬಿಸಿಲು ಹಾಲ್‌ನ ಅರ್ಧಕ್ಕೆ ಬಂದಿತ್ತು.

ಟೀವಿಯಲ್ಲಿ ಕರುಪ್ಪಾಯಿ ದನಗಳ ನಡುವೆ ನುಗ್ಗಿ ಒಂದು ಕಂದು ಕರುವಿನ ಮುಂದೆ ಮಂಡಿಯೂರಿ ಕೂತಳು. ಕಿವಿಯನ್ನು ಬೆಳಕಿಗೆ ಹಿಡಿದಳು. ಕಿವಿ ಪರದೆ ತುಂಬ ಬಂತು. ಎರಡು ಕಚ್ಚು. ಇನ್ನೊಂದು ಕಿವಿ, ಒಂದು ಕಚ್ಚು. "ತಾತಾ, ಇದು ಯಾರ ಮನೆ ಕರು?" ಎಂದು ದನ ಕಾಯುವ ಮುದುಕನನ್ನು ಕೇಳಿದಳು. ಅವನು ರಾಜಾ ಕಟ್ಟಿದ್ದ ಹೆಸರನ್ನೇ ಹೇಳಿದ.

"ಅಲ್ಲ," ಎಂದರು ಅತ್ತೆ.

ಜೋರಾಗೇನೂ ಅನ್ನಲಿಲ್ಲ. ಎಲ್ಲರೂ ತಿರುಗಿದರು.

"ಆ ಹೆಸ್ರು ನನ್ ಮಗ ಸುಮ್ಮಾ ಇಟ್ಟದ್ದು. ಅದು ನನ್ ಹುಟ್ಟಿದ ಮನೆ ಗುರುತು. ಎಡಕ್ಕೆ ಎರಡು, ಬಲಕ್ಕೆ ಒಂದು. ನಮ್ಮಪ್ಪ ಕತ್ತರಿ ಹಾಕ್ವಾಗ ಕಿವಿ ಹಿಡ್ಕೊಂತಿದ್ದೋಳು ನಾನೇ. ಅಲ್ವಾಣ್ಣ?"

ಸಿನಿಮಾ ಆಗಿದ್ದರೆ ಕತ್ತಲಿರುತ್ತಿತ್ತು. ಇಲ್ಲಿ ಇಪ್ಪತ್ತು ಜನರೂ ಪೆರಿಯಣ್ಣನ್ ಮುಖ ನೋಡಿದರು. ಅವರ ಬಾಯಲ್ಲಿ ಮುರುಕು ಇತ್ತು. ಅದನ್ನು ಅಗಿಯಲೂ ಇಲ್ಲ, ನುಂಗಲೂ ಇಲ್ಲ. ಪಾಂಡಿಯಮ್ಮಾಳ್ ಬಾಯಿಗೆ ಕೈ ಇಟ್ಟುಕೊಂಡಳು. ನಮ್ಮ ಬೀದಿಯಲ್ಲಿ ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ಬರದ ಹೆಂಗಸರು ಯಾರೂ ಇರಲಿಲ್ಲ.

"ಕತೆ ತಾನೆ ತಂಗಚ್ಚಿ," ಎಂದರು ಪೆರಿಯಣ್ಣನ್ ಕೊನೆಗೆ.

"ಕತೆ ತಾನೆ," ಎಂದರು ಅತ್ತೆ. ಒಂದು ಅವರೆಕಾಯಿ ಬಿಡಿಸಿ ಕಾಳು ತಟ್ಟೆಗೆ ಹಾಕಿದರು. ಎರಡು ಕಾಳು ನೆಲಕ್ಕೆ ಬಿದ್ದವು. "ಕತೇಲಿ ಆ ಪುಳ್ಳೆಗೆ ಏನಾದ್ರೂ ಆದ್ರೆ ಯಾವ ಮನೇಗೆ ಓಗಿ ಕೇಳ್ಬೇಕು ಅಂತ ಇನ್ ಮೇಲೆ ಇವರಿಗೆಲ್ಲ ಗೊತ್ತು. ದುರೈಗೆ ಬೇರೆ ಕಡೆ ಹೆಣ್ಣು ನೋಡಣ್ಣ. ಇವ್ಳು ಓದ್ತಾಳೆ."

ಸೋಪಿನ ಜಾಹೀರಾತು ಬಂತು. ಯಾರೂ ಸದ್ದು ತಗ್ಗಿಸಲಿಲ್ಲ. ಪೆರಿಯಣ್ಣನ್ ಎದ್ದರು. ಬಾಗಿಲಲ್ಲಿ ಮಕ್ಕಳ ಚಪ್ಪಲಿಗಳ ರಾಶಿಯಲ್ಲಿ ತಮ್ಮದನ್ನು ಹುಡುಕಲು ಬಹಳ ಹೊತ್ತು ಹಿಡಿಯಿತು. ದುರೈ ಒಮ್ಮೆ ಇಂದುಜಾಳನ್ನು ನೋಡಿ ಅಪ್ಪನ ಹಿಂದೆ ಹೋದ. ಕಳಿಸಿಬರಲು ಮಾವ ಅಭ್ಯಾಸದಂತೆ ಎದ್ದು ನಿಂತರು. ಆಮೇಲೆ ಕೂತರು.

ಜನ ಹೋದ ಮೇಲೆ ಅತ್ತೆ ಹಗಲಲ್ಲೇ ಬಾಗಿಲಿಗೆ ಅಗಳಿ ಹಾಕಿದರು. ಹಿಂಬಾಗಿಲಿಗೂ ಹಾಕಿದರು. ಅವರೆಕಾಳು ಬೇಯಿಸಿದೆವು. ಉಪ್ಪು ಯಾರೂ ಹಾಕಿರಲಿಲ್ಲ, ಹಾಗೇ ಉಂಡೆವು.

"ಅವಳು ನಾಳೆ ಹೋಗೋದು ಬೇಡ," ಎಂದೆ.

"ನಾಳೆ ಓಗ್ಲಿಲ್ಲ ಅಂದ್ರೆ ಇನ್ ಓಗಲ್ಲ," ಎಂದರು ಅತ್ತೆ.

ಸೋಮವಾರ ನಾನು ಶಾಲೆಗೆ ರಜೆ ಹಾಕಿ ಇಂದುಜಾಳ ಜೊತೆ ಹೊರಟೆ. ಏಳೂವರೆಯ ಬಸ್ಸು. ಹುಣಿಸೆ ಮರದ ನೆರಳಲ್ಲಿ ಜೀಪು ನಿಂತಿತ್ತು. ದುರೈ ಒಳಗಿದ್ದ. ಇಂದುಜಾ ನನ್ನ ಮುಂಗೈ ಹಿಡಿದಳು.

ನಿಲ್ದಾಣದಲ್ಲಿ ಪಾಂಡಿಯಮ್ಮಾಳ್ ನಿಂತಿದ್ದಳು. ಅವಳ ಸೊಸೆ ಇದ್ದಳು. ದ್ರಾಕ್ಷಿ ಕೊಯ್ಯುವ ಮೂವರು ಹೆಂಗಸರು ಇದ್ದರು, ಕೆಲಸಕ್ಕೆ ಹೋಗುವ ಸೀರೆಯಲ್ಲಲ್ಲ, ಹೊರಗೆ ಹೋಗುವ ಸೀರೆಯಲ್ಲಿ. ನಾನು ಯಾರಿಗೂ ಹೇಳಿರಲಿಲ್ಲ. ಅತ್ತೆಯೂ ಹೇಳಿರಲಿಲ್ಲ.

"ತೇನೀಲಿ ಒಂದು ತೂಕು ವಾಂಗ್ಬೇಕು," ಎಂದಳು ಪಾಂಡಿಯಮ್ಮಾಳ್ ಬೇರೆ ಕಡೆ ನೋಡುತ್ತ. ಬುತ್ತಿ ಡಬ್ಬಿ ಕೊಳ್ಳಲು ಐದು ಹೆಂಗಸರು.

ಬಸ್ ಬಂತು. ಅವರು ಇಂದುಜಾಳನ್ನು ನಡುವೆ ಹಾಕಿಕೊಂಡು ಹತ್ತಿದರು. ಕಂಡಕ್ಟರ್ ಟಿಕೆಟ್ ಹರಿಯುತ್ತ, "ಏನು ಆಯಾ, ಎಲ್ಲಾ ಸೇರಿ ಕಲ್ಯಾಣಕ್ಕಾ?" ಎಂದ.

"ಕಾಲೇಜಿಗೆ," ಎಂದಳು ಪಾಂಡಿಯಮ್ಮಾಳ್. "ಯಾಕೆ, ಸೀಟ್ ಕೊಡಲ್ವಾ ನನಗೆ?"

ಚಿನ್ನಮನೂರು ದಾಟಿದ ಮೇಲೆ ಜೀಪು ಬಸ್ಸಿನ ಪಕ್ಕಕ್ಕೆ ಬಂತು. ದುರೈ ಕತ್ತೆತ್ತಿ ಕಿಟಕಿಗಳನ್ನು ಒಂದೊಂದಾಗಿ ನೋಡಿದ. ಪಾಂಡಿಯಮ್ಮಾಳ್ ಇಂದುಜಾಳನ್ನು ಒಳಗೆ ತಳ್ಳಿ ತಾನು ಕಿಟಕಿಗೆ ಕೂತಳು. ಎಲೆ ಅಡಿಕೆ ಬಾಯಿಗೆ ಹಾಕಿ ಅವನನ್ನೇ ನೋಡುತ್ತ ಅಗಿದಳು. ಜೀಪು ಹಿಂದಕ್ಕೆ ಸರಿಯಿತು. ತಿರುಗಿ ಹೋಗಲಿಲ್ಲ.

"ನಾಳೆ ನನಗೆ ಕಳೆ ಕೀಳೋ ವೇಲೆ ಐತೆ," ಎಂದಳು ಪಾಂಡಿಯಮ್ಮಾಳ್. "ನಾಳೆ ನನ್ ಸೊಸೆ ಬತ್ತಾಳೆ. ಬುಧವಾರ ಯಾರು?"

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಬಸ್ ಒಂದು ಹಳ್ಳಕ್ಕೆ ಇಳಿದು ಹತ್ತಿತು.

"ನಾನು," ಎಂದಳು ಹಿಂದಿನ ಸೀಟಿನಲ್ಲಿದ್ದವಳು.

"ಗುರುವಾರ?"

ಇಂದುಜಾ ಪುಸ್ತಕದ ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಕೇಳುತ್ತಿದ್ದಳು. ನಾನು ಹಿಂದಿನ ಗಾಜಿನ ಕಡೆ ತಿರುಗಿದೆ. ಧೂಳಿನಲ್ಲಿ ಜೀಪು ಇನ್ನೂ ಬರುತ್ತಿತ್ತು.